ಕಂಪನಿಯ ಕಲ್ಯಾಣ ಕಾರ್ಯ: ದಾನವೋ, ಬಾಕಿಯೋ?

(ಆಲಮಟ್ಟಿಯಲ್ಲಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ದೊಡ್ಡ ಕಂಪನಿಗಳು ಹಳ್ಳಿಗೆ ಬಂದು ಶಾಲೆಗೆ ಬೆಂಚು ಕೊಡುತ್ತವೆ, ಕಣ್ಣಿನ ತಪಾಸಣೆ ನಡೆಸುತ್ತವೆ, ನೀರಿನ ಟಾಕಿ ಕಟ್ಟಿ ಅದರ ಮೇಲೆ ತಮ್ಮ ಹೆಸರು ಬರೆಸುತ್ತವೆ. ಈ ಕೆಲಸವನ್ನು ನಾವು ಹಳಿಯುವುದಿಲ್ಲ. ಆದರೆ ಹಾರ ಹಾಕುವ ಮೊದಲು ಇದು ದಾನವೋ, ಬಾಕಿಯೋ ಎಂದು ಕೇಳಲೇಬೇಕು.

ಅಂಗಡಿಕಾರ ಮಿತ್ರರು ಖಾತೆ ಬರೆಯುವವರು. ದಾನ ಕೊಟ್ಟದ್ದನ್ನೂ ಸಾಲ ತೀರಿಸಿದ್ದನ್ನೂ ಅವರು ಒಂದೇ ಬಾಬಿನಲ್ಲಿ ಬರೆಯುವುದಿಲ್ಲ. ಕಂಪನಿಯ ಲೆಕ್ಕವನ್ನೂ ನಾವು ಹಾಗೆಯೇ ನೋಡೋಣ.

ಮೊದಲನೆಯದು ದುಡಿಯುವವನ ಬಾಬು. 1948ರ ಕಾರ್ಖಾನೆ ಕಾಯಿದೆ 250ಕ್ಕಿಂತ ಹೆಚ್ಚು ಕೆಲಸಗಾರರಿದ್ದಲ್ಲಿ ಕ್ಯಾಂಟೀನು ಇಡಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ ಆ ಮಿತಿಯನ್ನು 100ಕ್ಕೆ ಇಳಿಸಿ, ಗುತ್ತಿಗೆ ಕೂಲಿಗಳನ್ನೂ ಎಣಿಕೆಯಲ್ಲಿ ಸೇರಿಸಿದೆ. ಗುತ್ತಿಗೆದಾರನ ಕಡೆಗೆ ಬೆರಳು ತೋರಿಸಿ ಮುಖ್ಯ ಮಾಲೀಕ ಜಾರಿಕೊಳ್ಳುವಂತಿಲ್ಲ. ಕಲ್ಯಾಣ ಸೌಲಭ್ಯದ ಹೊಣೆ ಅವನದೇ. ಹೊಸ ಸಂಹಿತೆಗಳಲ್ಲಿ ಕಾರ್ಮಿಕ ಸಂಘಗಳು ವಿರೋಧಿಸಿದ ಕಲಮುಗಳೂ ಇವೆ. ಅದಕ್ಕಾಗಿ ಹೋರಾಡೋಣ, ದಕ್ಕಿದ್ದನ್ನು ಮಾತ್ರ ಬಿಡುವುದು ಬೇಡ.

ಎರಡನೆಯದು ಊರಿನ ಬಾಬು. 2013ರ ಕಂಪನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿಯ ನಿವ್ವಳ ಆಸ್ತಿ, ಇಲ್ಲವೆ 1,000 ಕೋಟಿಯ ವಹಿವಾಟು, ಇಲ್ಲವೆ 5 ಕೋಟಿಯ ನಿವ್ವಳ ಲಾಭವುಳ್ಳ ಕಂಪನಿಗಳಿಗೆ ಇದು ಅನ್ವಯ. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕು. ತಾನು ನೆಲೆಸಿದ ಸೀಮೆಗೆ ಮೊದಲ ಆದ್ಯತೆ ಕೊಡಬೇಕು. ತನ್ನ ಕೆಲಸಗಾರರಿಗಾಗಿಯೇ ಮಾಡಿದ ಖರ್ಚನ್ನು ಇದರಲ್ಲಿ ತೋರಿಸುವಂತಿಲ್ಲ. ಎಂದರೆ, ಮೊದಲ ಬಾಬಿನ ಬಾಕಿಯನ್ನು ಎರಡನೆಯದರಿಂದ ತೀರಿಸಲು ಬರುವುದಿಲ್ಲ.

ಮೂರನೆಯದು ನೆಲದ ಬಾಬು. ಇದನ್ನು ನಮ್ಮ ಸೀಮೆಗೆ ಯಾರೂ ಕಲಿಸಬೇಕಾಗಿಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಇಲ್ಲಿ ಆಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಮುಂದೆ ಕೃಷ್ಣೆಯ ನೀರು ನಿಂತಿತು, ಹೊಲ ಮನೆಗಳು ಮುಳುಗಿದವು, ಹಳೇ ಬಾಗಲಕೋಟೆಯ ಪೇಟೆಯೂ ಜಾಗ ಬಿಡಬೇಕಾಯಿತು. ಅದೇ ಜಲಾಶಯದ ನೀರಿನಿಂದ ಇಂದು ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟ್ ಶಾಖೋತ್ಪನ್ನ ಸ್ಥಾವರ ನಡೆಯುತ್ತಿದೆ. ಭೂಮಿ ಕೊಟ್ಟವರಿಗೆ ಸಲ್ಲುವ ಪರಿಹಾರ, ಪುನರ್ವಸತಿ ನೆಲದ ಬೆಲೆ. ಅದು ಯಾರ ಉಡುಗೊರೆಯೂ ಅಲ್ಲ.

ವ್ಯಾಪಾರಸ್ಥರಿಗೂ ಇದು ಪರರ ಮಾತಲ್ಲ. ಕೂಲಿಕಾರನ ಮನೆಗೆ ಜಡ್ಡು ಹೊಕ್ಕರೆ ನಿಮ್ಮ ಅಂಗಡಿಯ ಉದ್ರಿ ಬೆಳೆಯುತ್ತದೆ.

ಆದುದರಿಂದ ಮಾಡಬೇಕಾದದ್ದು ಇಷ್ಟು. ಯಾವ ಊರಿಗೆ ಏನು ಬೇಕೆಂಬ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಠರಾಯಿಸಿ ಲಿಖಿತವಾಗಿ ಕಳಿಸಿರಿ. ಆ ನೂರಕ್ಕೆ ಎರಡರ ಲೆಕ್ಕವನ್ನು ಕಂಪನಿ ತನ್ನ ವಾರ್ಷಿಕ ವರದಿಯಲ್ಲಿ ಪ್ರಕಟಿಸಲೇಬೇಕು. ಓದಬಲ್ಲ ಹುಡುಗರಿಂದ ಅದನ್ನು ಓದಿಸಿರಿ. ಯಾವ ಬಾಬಿಗೆ ಯಾವ ಹಣ ಎಂದು ಕೇಳಿರಿ.

ಬಸವಣ್ಣ ಹುಟ್ಟಿದ ಸೀಮೆ ಇದು. ದಾಸೋಹದಲ್ಲಿ ನೀಡುವವನಿಗೆ ಗರ್ವವಿಲ್ಲ, ಉಣ್ಣುವವನಿಗೆ ನಾಚಿಕೆಯಿಲ್ಲ. ಹಾಗಿರುವಾಗ ಬರಬೇಕಾದ ಬಾಕಿಯನ್ನು ಕೇಳಲು ನಾವೇಕೆ ತಲೆ ತಗ್ಗಿಸಬೇಕು?