ವಲಸಿಗನಿಗೂ ಒಂದು ಕುಟುಂಬವಿದೆ



ಹೇಮಗಿರಿಯ ಅಣೆಕಟ್ಟೆಯ ನೀರು ಈ ಸೀಮೆಗೆ ಕಬ್ಬು ಕೊಟ್ಟಿದೆ. ಆ ಕಬ್ಬು ಕಡಿಯಲು ಬಳ್ಳಾರಿಯ ಕಡೆಯಿಂದ ಕುಟುಂಬಗಳು ಬರುತ್ತವೆ. ಇದೇ ಕೆ.ಆರ್. ಪೇಟೆ, ನಾಗಮಂಗಲಗಳ ಗಂಡಸರು ಹೊಟ್ಟೆಪಾಡಿಗಾಗಿ ಮುಂಬಯಿ ಸೇರುತ್ತಾರೆ. ವಲಸೆಯ ಎರಡೂ ಮುಖಗಳನ್ನು ಕಂಡ ನೆಲವಿದು.

2020ರ ಮೇ ತಿಂಗಳಲ್ಲಿ ಮುಂಬಯಿಯಿಂದ ಮರಳಿದವರನ್ನು ಶಾಲೆ, ವಸತಿನಿಲಯಗಳಲ್ಲಿ ಕ್ವಾರಂಟೈನ್ ಮಾಡಲಾಯಿತು. ಅದು ಅಗತ್ಯವೇ ಆಗಿತ್ತು. ಆದರೆ ‘ಮುಂಬಯಿಯಿಂದ ಬಂದವರು’ ಎಂಬುದೇ ಒಂದು ಅಪವಾದವಾಗಿಬಿಟ್ಟಿತು. ಅದಕ್ಕೆ ಸ್ವಲ್ಪ ಮೊದಲಷ್ಟೇ ನಿಝಾಮುದ್ದೀನ್‌ನ ಹೆಸರಿನಲ್ಲಿ ಇಂಥದೇ ಹಣೆಪಟ್ಟಿ ಹೊತ್ತವರು ನಾವು. ಅದರ ಭಾರ ನಮಗೆ ಗೊತ್ತಿರಬೇಕು.

ಆ ವರ್ಷ ಬೆಂಗಳೂರಿನ ಹಲವು ಸೇವಾ ಸಂಸ್ಥೆಗಳು ‘ಮರ್ಸಿ ಮಿಷನ್’ ಎಂಬ ಹೆಸರಿನಲ್ಲಿ ಒಂದಾಗಿ ವಲಸೆ ಕಾರ್ಮಿಕರಿಗೆ ಆಹಾರ ತಲುಪಿಸಿದವು. ಸೋಂಕಿನಿಂದ ಸತ್ತವರ ಅಂತ್ಯಕ್ರಿಯೆಯನ್ನು ಜಾತಿಮತ ನೋಡದೆ ನೆರವೇರಿಸಿದವು. ಅಲ್ಲಾಹನು ಅವರಿಗೆ ಪ್ರತಿಫಲ ನೀಡಲಿ. ಆದರೆ ನಮ್ಮ ಊರುಗಳ ಸೇವೆ ಇಂದಿಗೂ ಕಿಟ್ ಹಂಚಿ ಫೋಟೋ ತೆಗೆಸುವಲ್ಲಿಗೆ ನಿಲ್ಲುವುದೇಕೆ? ಪವಿತ್ರ ಕುರ್‌ಆನ್ (9:60) ಝಕಾತಿನ ಹಕ್ಕುದಾರರಲ್ಲಿ ದಾರಿಹೋಕನನ್ನೂ ಹೆಸರಿಸಿದೆ. ಅವನಿಗೆ ಸಲ್ಲುವುದು ನಮ್ಮ ಔದಾರ್ಯವಲ್ಲ, ಅವನ ಪಾಲು.

ಹ. ಉಮರ್(ರ) ಒಂದು ರಾತ್ರಿ ಮದೀನದಲ್ಲಿ ಗಸ್ತು ತಿರುಗುತ್ತಿದ್ದಾಗ, ಯುದ್ಧಕ್ಕೆ ಹೋದ ಗಂಡನಿಗಾಗಿ ಹಂಬಲಿಸುವ ಹೆಣ್ಣಿನ ದನಿ ಕೇಳಿದರು. ಮಗಳು ಹ. ಹಫ್ಸಾ(ರ)ರಲ್ಲಿ ವಿಚಾರಿಸಿ, ಸೈನಿಕರು ಮನೆಯಿಂದ ದೂರವಿರುವುದಕ್ಕೆ ಒಂದು ಮಿತಿ ಹಾಕಿದರು. ನಾಲ್ಕು ತಿಂಗಳೆಂದೂ ಆರು ತಿಂಗಳೆಂದೂ ವರದಿಗಳಿವೆ. ಅದು ಮನೆಯೊಳಗಿನ ಮಾತೆಂದು ಖಲೀಫರು ತಳ್ಳಿಹಾಕಲಿಲ್ಲ, ಆಡಳಿತದ ಹೊಣೆ ಎಂದು ಬಗೆದರು. ಮಗನನ್ನು ಗಲ್ಫಿಗೆ ಕಳುಹಿಸಿ ಸೊಸೆಯೊಡನೆ ದಿನ ಎಣಿಸುವ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ವಲಸೆ ಕಾರ್ಮಿಕರ ಕುಟುಂಬದ ಐಕ್ಯವನ್ನು ರಕ್ಷಿಸಬೇಕೆನ್ನುವ ವಿಶ್ವಸಂಸ್ಥೆಯ 1990ರ ಒಡಂಬಡಿಕೆಯನ್ನು ಭಾರತವೂ ಒಪ್ಪಿಲ್ಲ, ಗಲ್ಫಿನ ರಾಷ್ಟ್ರಗಳೂ ಒಪ್ಪಿಲ್ಲ.

ಹಾಗೆಂದು ನಮ್ಮ ಕೈ ಬರಿದಾಗಿಲ್ಲ. ವರ್ಗಾವಣೆ ಪತ್ರವಿಲ್ಲವೆಂದು ಮಗುವನ್ನು ಸರಕಾರಿ ಶಾಲೆಯಿಂದ ಹಿಂದಕ್ಕೆ ಕಳುಹಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ. ಬಳ್ಳಾರಿಯ ಪಡಿತರ ಚೀಟಿಗೆ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಸಿಗಬೇಕು. ಬಸುರಿಗೆ, ಹಸುಗೂಸಿಗೆ ಅಂಗನವಾಡಿ ಇದೆ. ಕಬ್ಬಿನ ಗದ್ದೆಯ ಅಂಚಿನ ಗುಡಿಸಲಿಗೆ ಹೋಗಿ ಇದನ್ನು ಹೇಳುವವರಾರು? ಮುಂಗಡ ಕೊಟ್ಟ ಮೇಸ್ತ್ರಿ ಹೇಳುವುದಿಲ್ಲ.

ಆದ್ದರಿಂದ ಪ್ರತಿ ಮಸೀದಿಯ ಸೇವಾ ಸಮಿತಿಯು ಓದಿದ ಇಬ್ಬರು ಯುವಕರನ್ನೂ ಇಬ್ಬರು ಸಹೋದರಿಯರನ್ನೂ ಇದಕ್ಕೆಂದೇ ನೇಮಿಸಲಿ. ಕಾರ್ಖಾನೆ ಕಬ್ಬು ಅರೆಯಲು ತೊಡಗಿದ ವಾರದಲ್ಲೇ ಅವರು ಗುಡಿಸಲುಗಳಿಗೆ ಹೋಗಿ ಮಕ್ಕಳ ಹೆಸರು ಬರೆದುಕೊಂಡು, ಹತ್ತಿರದ ಮುಖ್ಯೋಪಾಧ್ಯಾಯರ ಮುಂದಿಡಲಿ. ಆ ಮಕ್ಕಳು ಯಾವ ಧರ್ಮದವರೆಂದು ಕೇಳುವ ಅಂಕಣ ಆ ಪಟ್ಟಿಯಲ್ಲಿ ಬೇಡ.