ಹೊಳೆ ಕೊರೆಯುವ ದಂಡೆ, ಹೊಳೆ ಕಟ್ಟುವ ದಂಡೆ

ಹೊಳೆದಂಡೆಯಲ್ಲಿ ಹೊಲವಿದ್ದವರಿಗೆ ಇದು ಗೊತ್ತಿದ್ದದ್ದೇ. ತಿರುವಿನಲ್ಲಿ ಒಬ್ಬನ ಭೂಮಿ ವರ್ಷವರ್ಷವೂ ಕರಗುತ್ತದೆ, ಎದುರು ದಂಡೆಯವನಿಗೆ ಉಸುಕಿನ ದಿಬ್ಬ ಬೆಳೆಯುತ್ತದೆ. ಏಕೆ ಹೀಗೆ?

ಹೊಳೆ ನೀರಿನ ಜೊತೆಗೆ ಮಣ್ಣನ್ನೂ ಹೊರುತ್ತದೆ. ಗೋಡು ನೀರಿನಲ್ಲಿ ಬೆರೆತು ಸಾಗುತ್ತದೆ, ಉಸುಕು ತಳದಲ್ಲಿ ಕುಪ್ಪಳಿಸುತ್ತದೆ, ಕಲ್ಲು ಉರುಳುತ್ತದೆ. ಎಷ್ಟು ಹೊರಬಲ್ಲದು ಎಂಬುದು ವೇಗದ ಮೇಲೆ ನಿಂತಿದೆ. ವೇಗ ಎರಡರಷ್ಟಾದರೆ ಉರುಳಿಸಬಲ್ಲ ಕಲ್ಲಿನ ತೂಕ ಸುಮಾರು 64ರಷ್ಟಾಗುತ್ತದೆಂದು ಲೆಕ್ಕ. ಬೇಸಿಗೆಯೆಲ್ಲ ಬಡವಾಗಿದ್ದ ಹೊಳೆ ನಾಲ್ಕೇ ದಿನದ ನೆರೆಯಲ್ಲಿ ಅಷ್ಟು ಹಾವಳಿ ಮಾಡುವುದು ಅದಕ್ಕೇ.

ಗಾಡಿ ತಿರುವಿನಲ್ಲಿ ಓಡಿದಾಗ ಕೂತವರು ಹೊರಕ್ಕೆ ವಾಲುತ್ತಾರಲ್ಲ, ಹಾಗೆ ಮೇಲಿನ ನೀರು ಹೊರದಂಡೆಗೆ ನುಗ್ಗಿ, ಕೆಳಗಿಳಿದು, ಬುಡ ಕೊರೆಯುತ್ತದೆ. ತಳದ ನೀರು ಉಸುಕನ್ನು ಒಳದಂಡೆಗೆ ತಳ್ಳುತ್ತದೆ. ಸೋಸದ ಚಹವನ್ನು ಲೋಟದಲ್ಲಿ ಗಿರಗಿರ ತಿರುಗಿಸಿ ನೋಡಿ, ಪುಡಿ ನಡುವೆ ಬಂದು ಕೂಡುತ್ತದೆ. ಅಲ್ಲಿ ನಡೆಯುವುದೂ ಇದೇ.

ಇನ್ನೊಂದು ಮಾತು, ಇದು ಜೀವದ ಮಾತು. ದಂಡೆ ಕುಸಿಯುವುದು ನೆರೆ ಏರಿದಾಗ ಮಾತ್ರ ಎಂದುಕೊಳ್ಳಬೇಡಿ. ನೆರೆ ಇಳಿದಾಗಲೂ ಕುಸಿಯುತ್ತದೆ. ದಂಡೆಯ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ, ಒತ್ತಿ ಹಿಡಿದಿದ್ದ ಹೊಳೆಯ ನೀರು ಕೆಳಗೆ ಹೋಗಿರುತ್ತದೆ. ಆ ದಿನಗಳಲ್ಲಿ ಅಂಚಿನಲ್ಲಿ ದನ ಕಟ್ಟಬೇಡಿ, ಪಂಪು ಇಳಿಸಲು ಅವಸರ ಬೇಡ. ದಂಡೆಯ ಮೇಲೆ ಬಿರುಕು ಕಂಡರೆ ಹತ್ತಿರ ಸುಳಿಯಬೇಡಿ, ಮಕ್ಕಳನ್ನೂ ಬಿಡಬೇಡಿ.

ಅಂಚಿನವರೆಗೂ ನೇಗಿಲು ಹೂಡುವುದು ಆಸೆಯ ಕೆಲಸ, ಲಾಭದ್ದಲ್ಲ. ಒಂದು ಪಟ್ಟಿ ಉಳದೆ ಬಿಟ್ಟು ಬಿದಿರು, ಹೊಂಗೆ, ಲಾವಂಚ ಬೆಳೆಸಿ. ಬೇರು ಮಣ್ಣನ್ನು ಹಿಡಿಯುತ್ತದೆ. ಆದರೆ ಬೇರಿಗಿಂತ ಕೆಳಗೆ ನೀರು ಕೊರೆಯುವಲ್ಲಿ ಗಿಡವೊಂದರಿಂದಲೇ ಆಗದು, ಬುಡಕ್ಕೆ ಕಲ್ಲು ಕಟ್ಟಿಸಬೇಕಾದೀತು. ದಂಡೆಯ ಬುಡದ ಉಸುಕನ್ನಂತೂ ಯಾರಿಗೂ ತೆಗೆಯಗೊಡಬೇಡಿ. ತಳ ಆಳವಾದಷ್ಟೂ ದಂಡೆ ಕುಸಿಯುತ್ತದೆ.

ಹೊಳೆಯಿಂದ ದೂರದ ರೈತರೇ, ನಿಮಗೂ ಇದರಲ್ಲಿ ಪಾಲಿದೆ. ನಿಂತ ನೀರು ಹೊರೆ ಇಳಿಸುತ್ತದೆ. ಉಸುಕು ಜಲಾಶಯದ ಬಾಯಲ್ಲೇ ಕೂತರೆ ಗೋಡು ಒಳಗೆ ಸಾಗಿ ಕೂರುತ್ತದೆ. 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯಕ್ಕೆ ಮೊದಲು ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿತ್ತು. 2016ರ ಅಳತೆಯಲ್ಲಿ ಅದು ಸುಮಾರು 105.8ಕ್ಕೆ ಇಳಿದಿತ್ತು. ಕಾಲುವೆಯ ಕೊನೆಯವನ ಎರಡನೆಯ ಬೆಳೆಗೆ ನೀರು ಸಾಲದಾಗಲು ಇದೂ ಒಂದು ಕಾರಣ. ಆ ಹೂಳಿನಲ್ಲಿ ಮೇಲುಸೀಮೆಯ ಹೊಲಗಳ ಮೇಲ್ಮಣ್ಣೂ ಸೇರಿದೆ, ನೀವು ಗೊಬ್ಬರ ಹಾಕಿದ ಮಣ್ಣೇ! ಇಳಿಜಾರಿಗೆ ಅಡ್ಡವಾಗಿ ಉಳಿ. ಮುಂಗಾರಿಗೆ ಮುಂಚೆ ಬದುಗಳನ್ನು ಒಮ್ಮೆ ಸುತ್ತಿ, ಒಡೆದ ಕಡೆ ಮಣ್ಣು ಹಾಕಿ.