ಸ್ಕಾಟನ ಕಾದಂಬರಿಗಳಲ್ಲಿ ಮನೆಯ ನುಡಿ



ಐತಿಹಾಸಿಕ ಕಾದಂಬರಿ ಎಂದೊಡನೆ ಕೋಟೆ, ಕತ್ತಿ, ಕುದುರೆ, ರಾಜಸಭೆಗಳು ಕಣ್ಮುಂದೆ ನಿಲ್ಲುವುದು ವಾಡಿಕೆ. ಈ ಪ್ರಕಾರಕ್ಕೆ ಯುರೋಪಿನಲ್ಲಿ ಭದ್ರವಾದ ಬುನಾದಿ ಹಾಕಿದ ಸರ್ ವಾಲ್ಟರ್ ಸ್ಕಾಟನ ಅತ್ಯುತ್ತಮ ಕೃತಿಯ ನಾಯಕಿಯಾದರೋ ಹಸು ಸಾಕಿ ಜೀವಿಸುವವನೊಬ್ಬನ ಮಗಳು.

ಸ್ಕಾಟ್ 1771ರಲ್ಲಿ ಎಡಿನ್‌ಬರೋ ನಗರದಲ್ಲಿ ಜನಿಸಿದನು. ಎಳವೆಯಲ್ಲೇ ರೋಗ ತಗುಲಿ ಒಂದು ಕಾಲು ಊನವಾದುದರಿಂದ, ಗಡಿನಾಡಿನ ಸ್ಯಾಂಡಿನೋ ಎಂಬಲ್ಲಿದ್ದ ಅಜ್ಜನ ಹೊಲಮನೆಗೆ ಅವನನ್ನು ಕಳುಹಿಸಿದರು. ಇಂಗ್ಲೆಂಡು, ಸ್ಕಾಟ್ಲೆಂಡುಗಳ ಗಡಿಯ ಕಾಳಗಗಳನ್ನು ಕುರಿತ ಲಾವಣಿಗಳು ಅವನ ಕಿವಿಗೆ ಬಿದ್ದುದು ಅಲ್ಲಿಯೇ. ಮುಂದೆ 1802ರಿಂದ ಅವನ್ನು ಸಂಗ್ರಹಿಸಿ ಅಚ್ಚು ಹಾಕಿಸಿದನು. 1814ರಲ್ಲಿ ‘ವೇವರ್ಲಿ’ಯನ್ನು ಹೆಸರು ಮರೆಸಿ ಪ್ರಕಟಿಸಿದನು. 1745ರ ದಂಗೆ, ಮರುವರ್ಷ ಕಲೋಡನ್ ಬಯಲಿನಲ್ಲಿ ಅದು ನುಚ್ಚುನೂರಾದ ಕಾಲ ಅದರ ವಸ್ತು. ಆ ಸೋಲಿನ ಬಳಿಕ ಗುಡ್ಡನಾಡಿನವರ ಉಡುಪಿಗೂ ಕಾನೂನಿನ ನಿಷೇಧ ಬಂದಿತ್ತು.

ಆ ಕಾಲದ ಎಡಿನ್‌ಬರೋದ ವಿದ್ಯಾವಂತರು ತಮ್ಮ ಮಾತಿನಿಂದ ಸ್ಕಾಟ್ಸ್ ನುಡಿಯ ಕುರುಹುಗಳನ್ನು ಹೆಕ್ಕಿ ತೆಗೆಯುವುದರಲ್ಲಿ ನಿರತರಾಗಿದ್ದರು. ಬಿಡಬೇಕಾದ ಪದಗಳನ್ನು ತತ್ತ್ವಜ್ಞಾನಿ ಡೇವಿಡ್ ಹ್ಯೂಮನಂಥವನೇ ಪಟ್ಟಿ ಮಾಡಿದ್ದನು. ಸ್ಕಾಟ್ ನಿರೂಪಣೆಯನ್ನು ಇಂಗ್ಲಿಷಿನಲ್ಲಿಯೇ ಇರಿಸಿದನು, ಆದರೆ ರೈತ, ಸೇವಕ, ಮುದುಕಿಯರ ಬಾಯಿಗೆ ಅವರದೇ ನುಡಿಯನ್ನು ಕೊಟ್ಟನು. ಇಲ್ಲೊಂದು ಕೊರತೆಯೂ ಉಂಟು. ಕುಲೀನ ಪ್ರೇಮಿಗಳು ಬಹುಮಟ್ಟಿಗೆ ಶುದ್ಧ ಇಂಗ್ಲಿಷನ್ನೇ ಆಡುತ್ತಾರೆ. ಹಾಸ್ಯದ ಪಾತ್ರಗಳ ಪಾಲಿಗೆ ಬರುವುದು ಮನೆಯ ನುಡಿ. ‘ದಿ ಹಾರ್ಟ್ ಆಫ್ ಮಿಡ್ಲೋಥಿಯನ್’ ಎಂಬ 1818ರ ಕಾದಂಬರಿ ಈ ಕೊರತೆಯನ್ನು ಮೀರಿದೆ.

ಅದರ ಕಥೆ 1736ರ ಸುಮಾರಿನದು. ಎಫಿ ಡೀನ್ಸ್ ಎಂಬ ತರುಣಿ ಗುಟ್ಟಾಗಿ ಹೆತ್ತ ಶಿಶು ಕಾಣೆಯಾಗಿದೆ. ಬಸಿರನ್ನು ಯಾರಿಗೂ ತಿಳಿಸದೆ ಮುಚ್ಚಿಟ್ಟವಳ ಶಿಶು ಸಿಗದಿದ್ದರೆ ಅವಳೇ ಕೊಂದಳೆಂದು ಅಂದಿನ ಕಾನೂನು ಭಾವಿಸುತ್ತಿತ್ತು. “ನನಗೆ ತಿಳಿಸಿದ್ದಳು” ಎಂದು ಅಕ್ಕ ಜೀನಿ ನ್ಯಾಯಾಲಯದಲ್ಲಿ ಒಂದೇ ಒಂದು ಮಾತು ಆಡಿದರೆ ತಂಗಿಯ ಕೊರಳು ಉಳಿಯುತ್ತದೆ. ಆದರೆ ತಂಗಿ ಹೇಳಿರಲಿಲ್ಲ, ಜೀನಿ ಸುಳ್ಳಾಡುವುದಿಲ್ಲ. ಮರಣದಂಡನೆಯಾಗುತ್ತದೆ. ಅನಂತರ ಆಕೆ ರಾಜಕ್ಷಮೆ ಬೇಡಲು ಲಂಡನ್ನಿನ ಹಾದಿ ಹಿಡಿಯುತ್ತಾಳೆ, ಬಹುದೂರ ಕಾಲ್ನಡಿಗೆಯಲ್ಲಿ.

ಗಡಿ ದಾಟಿದ ಮೇಲಿನ ಪುಟಗಳನ್ನು ಗಡಿನಾಡಿನ ಅಧ್ಯಾಪಕರು ಬಿಡುವು ಮಾಡಿಕೊಂಡು ಓದಬೇಕು. ತನ್ನ ನಾಡಿನಲ್ಲಿ ಬರಿಗಾಲಿನಲ್ಲಿ ಸರಾಗವಾಗಿ ನಡೆದವಳು ಇಂಗ್ಲೆಂಡಿನಲ್ಲಿ ಜನ ನೋಡಿ ನಗುವರೆಂದು ಪಾದರಕ್ಷೆ ಧರಿಸುತ್ತಾಳೆ. ಆಕೆಯ ಉಚ್ಚಾರಣೆಯನ್ನು ಹಾದಿಯವರು ಅಣಕಿಸುತ್ತಾರೆ; ಅಣಕಿಸುವವರ ಮಾತೇನೂ ಆಕೆಯದಕ್ಕಿಂತ ತಿದ್ದಿದ್ದಲ್ಲವೆಂದು ಸ್ಕಾಟ್ ಮೆಲ್ಲನೆ ಚುಚ್ಚುತ್ತಾನೆ. ಜೀನಿ ಮಾತನ್ನೇ ಕಡಿಮೆ ಮಾಡಿಬಿಡುತ್ತಾಳೆ. ಶಾಲೆಯ ಮೊದಲ ವಾರಗಳಲ್ಲಿ ಹಿಂದಿನ ಸಾಲಿನಲ್ಲಿ ಬಾಯಿ ಕಟ್ಟಿ ಕೂರುವ ಮಗುವನ್ನು ಬಲ್ಲವರಿಗೆ ಈ ಮೌನದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಆರ್ಗೈಲ್‌ನ ಡ್ಯೂಕನ ನೆರವಿನಿಂದ ಜೀನಿ ರಿಚ್ಮಂಡಿನಲ್ಲಿ ರಾಣಿ ಕ್ಯಾರೊಲಿನಳ ಎದುರು ನಿಲ್ಲುತ್ತಾಳೆ. ಅಲ್ಲಿ ಆಕೆ ಬಾಯಿ ತೆರೆಯುವುದು ಕಲಿತ ಮಾತಿನಲ್ಲಲ್ಲ, ತಂದೆಯ ಮನೆಯ ಮಾತಿನಲ್ಲಿ. ಆ ಬಿನ್ನಹವೇ ರಾಣಿಯ ಮನಸ್ಸನ್ನು ಕರಗಿಸುತ್ತದೆ. ಈ ಪಾತ್ರಕ್ಕೆ ಪ್ರೇರಣೆಯಾದವಳು ಹೆಲೆನ್ ವಾಕರ್ ಎಂಬ ಬಡ ಹೆಣ್ಣುಮಗಳು. 1791ರಲ್ಲಿ ತೀರಿಕೊಂಡ ಆಕೆಯ ಸಮಾಧಿ ಐರನ್‌ಗ್ರೇ ಗ್ರಾಮದಲ್ಲಿದೆ; ಅದರ ಮೇಲಿನ ಕಲ್ಲನ್ನು ನಿಲ್ಲಿಸಿದವನು ಸ್ಕಾಟನೇ.

ಇದೇ ಲೇಖಕ ಮೈಸೂರಿಗೂ ಕೈಹಾಕಿದ್ದನು. 1827ರ ‘ದಿ ಸರ್ಜನ್ಸ್ ಡಾಟರ್’ ಕೊನೆಯ ಭಾಗದಲ್ಲಿ ಮದರಾಸು, ಬೆಂಗಳೂರುಗಳಿಗೆ ಬರುತ್ತದೆ. ಹೈದರಾಲಿ ಫಕೀರನ ವೇಷ ಧರಿಸುತ್ತಾನೆ, ದ್ರೋಹಿಯೊಬ್ಬ ಆನೆಯ ಕಾಲಿಗೆ ಸಿಲುಕಿ ಸಾಯುತ್ತಾನೆ. ಸ್ಕಾಟ್ ಭಾರತವನ್ನು ಕಂಡವನಲ್ಲ. ಇಲ್ಲಿದ್ದು ಹೋದ ಗೆಳೆಯ ಕರ್ನಲ್ ಜೇಮ್ಸ್ ಫರ್ಗುಸನ್‌ನಿಂದ ವಿವರಗಳನ್ನು ಕೇಳಿ ಬರೆದನು. ಬಣ್ಣವಿದೆ, ವೈಭವವಿದೆ, ಆದರೆ ಬೆಂಗಳೂರಿನ ಪೇಟೆಯ ಒಬ್ಬ ವ್ಯಾಪಾರಿಯ ದನಿಯೂ ಕೇಳಿಸುವುದಿಲ್ಲ. ಜೀನಿಯ ದನಿಯನ್ನು ಕೇಳಿ ಬಂದ ಓದುಗನಿಗೆ ಇದು ಪರದೆಯ ಮೇಲೆ ಬರೆದ ಚಿತ್ರದಂತೆ ತೋರಿದರೆ ಅಚ್ಚರಿಯಿಲ್ಲ.

ಪ್ರೌಢಶಾಲೆಯ ತರಗತಿಗೆ ಈ ದಪ್ಪ ಗ್ರಂಥಗಳನ್ನು ಓದಿಸುವುದು ಆಗದ ಮಾತು. ಜೀನಿಯ ಕಥೆಯನ್ನು ಬಾಯಲ್ಲಿ ಹೇಳಬಹುದು. ಸಾಕ್ಷಿ ಕಟ್ಟೆಗೆ ಆಕೆ ಬಂದೊಡನೆ ಕಥೆ ನಿಲ್ಲಿಸಿ, ಆಕೆ ಏನು ಹೇಳಬೇಕೆಂದು ಮಕ್ಕಳನ್ನು ಕೇಳಬಹುದು. ವಾದ ಬಿಸಿಯೇರಿದರೆ ತಡೆಯಬಾರದು. ಬಳಿಕ ರಾಣಿಗೆ ಆಕೆ ಮಾಡಿಕೊಂಡ ಬಿನ್ನಹವನ್ನು ಮಕ್ಕಳೇ ರಚಿಸಲಿ. ಕಾಸರಗೋಡಿನ ಮಗು ಕಾಸರಗೋಡಿನ ಕನ್ನಡದಲ್ಲಿ, ತಾಳವಾಡಿಯದು ತಾಳವಾಡಿಯ ಕನ್ನಡದಲ್ಲಿ, ಜತ್ತಿನದು ಜತ್ತಿನ ಕನ್ನಡದಲ್ಲಿ ಬರೆಯಲಿ. ಆ ಹಾಳೆಗಳ ಮೇಲೆ ಅಂದು ಕೆಂಪು ಶಾಯಿ ಬೇಡ.